ಫೆಬ್ರವರಿಯಲ್ಲಿ ನೇವಿ ಪಿಯರ್‌ಗೆ ಯಾರು ಹೋಗುತ್ತಾರೆ?

ಶಿಕಾಗೊ ನಗರಕ್ಕೆ ಬೇಸಿಗೆಯಲ್ಲಿ ಬಂದುಹೋದ ಕನ್ನಡಿಗರಲ್ಲಿ ನೇವಿ ಪಿಯರ್ ನೋಡದೆ ಮರಳಿದವರು ವಿರಳ. ಮಿಶಿಗನ್ ಸರೋವರದೊಳಕ್ಕೆ ಸುಮಾರು 3,300 ಅಡಿ, ಅಂದರೆ ಒಂದು ಕಿಲೋಮೀಟರಿನಷ್ಟು ದೂರ ನೇರವಾಗಿ ಚಾಚಿಕೊಂಡಿರುವ ಈ ಹಳೆಯ ಹಡಗುಕಟ್ಟೆಯ ಮೇಲೆ ಜುಲೈ ತಿಂಗಳ ಶನಿವಾರ ಸಂಜೆ ಎಳ್ಳು ಹಾಕಿದರೆ ಕೆಳಗೆ ಬೀಳದಷ್ಟು ಜನ ಸೇರಿರುತ್ತಾರೆ. ದೋಣಿ ವಿಹಾರಕ್ಕೆ ಸಾಲು, ಐಸ್‌ಕ್ರೀಮಿಗೆ ಸಾಲು, ಜೈಂಟ್ ವೀಲ್ ಹತ್ತಲು ಇನ್ನೂ ದೊಡ್ಡ ಸಾಲು. ಕತ್ತಲಾದ ಮೇಲೆ ಸರೋವರದ ಮೇಲಿನ ಆಕಾಶದಲ್ಲಿ ಬಾಣಬಿರುಸು. ಕೊರೊನಾಕ್ಕೆ ಮೊದಲಿನ ವರ್ಷಗಳಲ್ಲಿ ವರ್ಷಕ್ಕೆ ಸುಮಾರು 90 ಲಕ್ಷ ಮಂದಿ ಇಲ್ಲಿಗೆ ಬರುತ್ತಿದ್ದರು. ಆದರೆ ಆ ಜನಸ್ತೋಮದ ಬಹುಪಾಲು ಬೆಚ್ಚಗಿನ ತಿಂಗಳುಗಳದ್ದು. ಫೆಬ್ರವರಿಯ ಯಾವುದಾದರೂ ಮಂಗಳವಾರದ ಮಧ್ಯಾಹ್ನ ಅದೇ ಕಟ್ಟೆಯ ಮೇಲೆ ಹೋಗಿ ನಿಂತರೆ ಅಂಗಡಿಗಳ ಅರ್ಧ ಬಾಗಿಲು ಮುಚ್ಚಿರುತ್ತದೆ, ಹೊರಗಿನ ಬೆಂಚುಗಳ ಮೇಲೆ ಹಿಮ ಗಟ್ಟಿಯಾಗಿರುತ್ತದೆ, ಇಡೀ ಜಾಗ ಬಿಕೋ ಎನ್ನುತ್ತಿರುತ್ತದೆ.

ನೂರು ವರ್ಷ ದಾಟಿದ ಈ ಕಟ್ಟೆಯನ್ನು ಹನ್ನೆರಡು ತಿಂಗಳೂ ಜನ ಬರುವ ತಾಣವಾಗಿ ಮಾಡಬೇಕೆಂಬ ಪ್ರಯತ್ನ ಕಳೆದ ಹದಿನೈದು ವರ್ಷಗಳಿಂದ ನಡೆದಿದೆ. ಈ ನಗರದ ಪಶ್ಚಿಮದ ಉಪನಗರವೊಂದರಲ್ಲಿ ವಾಸಿಸುವ ನಾನು ಆ ಪ್ರಯತ್ನವನ್ನು ಹತ್ತಿರದಿಂದ ಗಮನಿಸುತ್ತ ಬಂದಿದ್ದೇನೆ. ಅದರಲ್ಲಿ ಬಹಳ ಒಳ್ಳೆಯ ಕೆಲಸಗಳಾಗಿವೆ. ಒಂದು ದೊಡ್ಡ ನಷ್ಟವೂ ಆಗಿದೆ. ಚಳಿಗಾಲದ ಸಂದರ್ಶಕ ಯಾರು ಎಂಬ ಪ್ರಶ್ನೆಗೆ ಸರಿಯಾದ ಉತ್ತರ ಕಂಡುಕೊಂಡ ಕಡೆ ಯೋಜನೆ ಗೆದ್ದಿದೆ, ಕಂಡುಕೊಳ್ಳದ ಕಡೆ ಸೋತಿದೆ ಎಂಬುದು ನನ್ನ ಅಭಿಪ್ರಾಯ.

ಇಲ್ಲಿನ ಚಳಿಯ ಬಗ್ಗೆ ಎರಡು ಮಾತು ಹೇಳಲೇಬೇಕು. ಜನವರಿಯ ರಾತ್ರಿಗಳಲ್ಲಿ ಉಷ್ಣಾಂಶ ಸೊನ್ನೆಗಿಂತ ಏಳೆಂಟು ಡಿಗ್ರಿ ಕೆಳಗಿರುವುದು ಸಾಮಾನ್ಯ. 2019ರ ಜನವರಿ 30ರಂದು ಅದು ಮೈನಸ್ 30 ಡಿಗ್ರಿ ಸೆಲ್ಸಿಯಸ್‌ಗೂ ಕೆಳಗಿಳಿದಿತ್ತು. ಊರೊಳಗೆ ಕಟ್ಟಡಗಳ ಮರೆಯಾದರೂ ಸಿಗುತ್ತದೆ. ಸರೋವರದ ನಡುವಿಗೆ ಚಾಚಿಕೊಂಡ ಕಟ್ಟೆಯ ಮೇಲೆ ಗಾಳಿಗೆ ಯಾವ ಅಡೆತಡೆಯೂ ಇಲ್ಲ. ಇಂಥ ಕಾಲದಲ್ಲಿ ವಿಮಾನ ಹತ್ತಿ ಶಿಕಾಗೊ ನೋಡಲು ಬರುವ ಪ್ರವಾಸಿಗರು ಕಡಿಮೆ. ಹಾಗಾದರೆ ಫೆಬ್ರವರಿಯಲ್ಲಿ ಇಲ್ಲಿಗೆ ಬರಬಹುದಾದವರು ಈ ಊರಿನವರೇ: ಮನೆಯೊಳಗೆ ಕೂತು ಬೇಸತ್ತ ಮಕ್ಕಳು, ಅವರ ತಂದೆತಾಯಿಗಳು, ನಿವೃತ್ತರು, ಮತ್ತು ನಮ್ಮಂಥವರ ಮನೆಗಳಲ್ಲಿ ಬಾಣಂತನಕ್ಕೆಂದು ಬಂದಿರುವ ಅಜ್ಜಿಯರು.

ಈ ಕೊನೆಯವರನ್ನು ನಾನು ಬೇಕೆಂದೇ ಸೇರಿಸಿದ್ದೇನೆ. ಮಗು ಹುಟ್ಟುವುದು ಋತು ನೋಡಿಕೊಂಡಲ್ಲ. ನವೆಂಬರ್‌ನಲ್ಲೋ ಡಿಸೆಂಬರ್‌ನಲ್ಲೋ ಹೆರಿಗೆಯಾದರೆ ಊರಿನಿಂದ ಬರುವ ಅಮ್ಮನೋ ಅತ್ತೆಯೋ ಬಾಣಂತಿ ಖಾರ, ಅಂಟಿನುಂಡೆಗಳ ಡಬ್ಬಗಳೊಂದಿಗೆ ಇಳಿಯುವುದು ನೇರವಾಗಿ ಹಿಮದೊಳಕ್ಕೆ. ಬೆಳಗಿನಿಂದ ಸಂಜೆಯವರೆಗೆ ಎಣ್ಣೆ, ನೀರು, ಅಡಿಗೆ, ಕೂಸು. ಕಿಟಕಿಯಾಚೆ ಬಿಳಿ ಬಿಟ್ಟರೆ ಬೇರೇನೂ ಇಲ್ಲ. ಜೊತೆಗೆ ಬಂದ ಅಪ್ಪಂದಿರ ಪಾಡು ಇನ್ನೂ ಕಷ್ಟ, ಏಕೆಂದರೆ ಅವರಿಗೆ ಆ ಕೆಲಸವೂ ಇರುವುದಿಲ್ಲ. ವಾರಾಂತ್ಯದಲ್ಲಿ ಅರೋರಾದ ವೆಂಕಟೇಶ್ವರನ ಗುಡಿ, ಇಲ್ಲವೇ ಲೆಮಾಂಟ್‌ನ ರಾಮನ ಗುಡಿ, ಅದು ಬಿಟ್ಟರೆ ಮಾಲ್. ಇಂಥ ಹಿರಿಯರನ್ನು ಎಲ್ಲಿಗಾದರೂ ಕರೆದುಕೊಂಡು ಹೋಗಬೇಕು, ಅಲ್ಲಿ ಬೆಚ್ಚಗಿರಬೇಕು, ಕೂರಲು ಜಾಗವಿರಬೇಕು, ಕಣ್ಣಿಗೆ ಒಂದಿಷ್ಟು ಹಸಿರೋ ನೀರೋ ಕಾಣಬೇಕು ಎಂದು ಪ್ರತಿ ಚಳಿಗಾಲವೂ ಈ ಭಾಗದ ಎಷ್ಟೋ ಮನೆಗಳಲ್ಲಿ ಯೋಚನೆ ನಡೆಯುತ್ತದೆ. ಚಳಿಗಾಲದ ನೇವಿ ಪಿಯರನ್ನು ನಾನು ನೋಡುವುದು ಈ ಕಣ್ಣಿನಿಂದ.

ಈ ಕಟ್ಟೆ ಹುಟ್ಟಿದ್ದು ಎರಡು ಉದ್ದೇಶಗಳಿಗೆ. 1909ರಲ್ಲಿ ಡೇನಿಯಲ್ ಬರ್ನ್‌ಹ್ಯಾಮ್ ಮತ್ತು ಎಡ್ವರ್ಡ್ ಬೆನೆಟ್ ಸಿದ್ಧಪಡಿಸಿದ ಶಿಕಾಗೊ ನಗರ ಯೋಜನೆಯಲ್ಲಿ ಸರೋವರದೊಳಕ್ಕೆ ಚಾಚುವ ಕಟ್ಟೆಗಳ ಪ್ರಸ್ತಾಪವಿತ್ತು. ಅದರ ಪ್ರೇರಣೆಯಿಂದ ವಾಸ್ತುಶಿಲ್ಪಿ ಚಾರ್ಲ್ಸ್ ಸಮ್ನರ್ ಫ್ರಾಸ್ಟ್ ಅವರ ವಿನ್ಯಾಸದಲ್ಲಿ 1914ರಲ್ಲಿ ಕೆಲಸ ಆರಂಭವಾಗಿ 1916ರಲ್ಲಿ ಕಟ್ಟೆ ಜನರಿಗೆ ತೆರೆಯಿತು. ಸರೋವರದ ತಳಕ್ಕೆ ಹೊಡೆದ ಸಾವಿರಾರು ಮರದ ಕಂಬಗಳ ಮೇಲೆ ಅದು ನಿಂತಿತು. ಆಗ ಅದರ ಹೆಸರು ಮುನಿಸಿಪಲ್ ಪಿಯರ್. ಕೆಳಗಿನ ಅಂತಸ್ತಿನಲ್ಲಿ ಹಡಗಿನ ಸರಕು, ಮೇಲಿನ ಅಂತಸ್ತಿನಲ್ಲಿ ಪ್ರಯಾಣಿಕರು. ಪೂರ್ವದ ತುದಿಯಲ್ಲಿ ಎರಡು ಗೋಪುರಗಳ ನಡುವೆ ಗುಮ್ಮಟದ ಭವ್ಯ ಸಭಾಂಗಣ. ಅಲ್ಲಿಯವರೆಗೂ ಓಡುತ್ತಿದ್ದ ಟ್ರಾಮ್. ಹವಾನಿಯಂತ್ರಣವಿಲ್ಲದ ಕಾಲದಲ್ಲಿ ಬಡವರ ಮಕ್ಕಳೂ ಬೇಸಿಗೆಯ ಸಂಜೆ ತಂಪುಗಾಳಿಗೆ ಬಂದು ಕೂರಬಹುದಾದ ಜಾಗ ಅದಾಗಿತ್ತು. ಮೊದಲ ಮಹಾಯುದ್ಧದ ನೌಕಾ ಯೋಧರ ಸ್ಮರಣೆಗಾಗಿ 1927ರಲ್ಲಿ ಅದಕ್ಕೆ ಈಗಿನ ಹೆಸರು ಬಂತು. ಅಷ್ಟರಲ್ಲಿ ಲಾರಿಗಳೂ ಕಾರುಗಳೂ ಹೆಚ್ಚಾಗಿ ಸರೋವರದ ಹಡಗುಗಳ ವ್ಯಾಪಾರ ಇಳಿಮುಖವಾಗತೊಡಗಿತ್ತು.

ಈ ಚರಿತ್ರೆಯಲ್ಲಿ ನನ್ನ ಗಮನ ಸೆಳೆದ ಸಂಗತಿಯೊಂದಿದೆ. ನೇವಿ ಪಿಯರ್ ವರ್ಷವಿಡೀ ಜನರಿಂದ ತುಂಬಿದ್ದ ಕಾಲವೆಂದರೆ 1941ರಿಂದ 1965ರವರೆಗಿನ ಅವಧಿ, ಮತ್ತು ಆಗ ಅದು ಪ್ರವಾಸಿ ತಾಣವೇ ಆಗಿರಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ನೌಕಾಪಡೆ ಅದನ್ನು ತರಬೇತಿ ಕೇಂದ್ರವಾಗಿ ಮಾಡಿಕೊಂಡಿತು. ಪ್ರಯಾಣಿಕರನ್ನು ಹೊತ್ತೊಯ್ಯುತ್ತಿದ್ದ ಎರಡು ಹಳೆಯ ಉಗಿಹಡಗುಗಳನ್ನು ವುಲ್ವರೀನ್ ಮತ್ತು ಸೇಬಲ್ ಎಂಬ ತರಬೇತಿ ವಿಮಾನವಾಹಕ ನೌಕೆಗಳಾಗಿ ಮಾರ್ಪಡಿಸಿ, ಮಿಶಿಗನ್ ಸರೋವರದ ನೀರಿನ ಮೇಲೆ ಸಾವಿರಾರು ಪೈಲಟ್‌ಗಳಿಗೆ ಇಳಿಯುವ ಏರುವ ಅಭ್ಯಾಸ ಮಾಡಿಸಿತು. ಮುಂದೆ ಅಧ್ಯಕ್ಷರಾದ ಹಿರಿಯ ಜಾರ್ಜ್ ಬುಷ್ ಕೂಡ ಅಲ್ಲಿ ಕಲಿತವರೇ. ಯುದ್ಧ ಮುಗಿದ ಕೂಡಲೇ, 1946ರಲ್ಲಿ, ಊರಿಗೆ ಮರಳಿದ ಸೈನಿಕರ ಓದಿಗಾಗಿ ಇಲಿನಾಯ್ ವಿಶ್ವವಿದ್ಯಾಲಯ ಇಲ್ಲಿ ತನ್ನ ಶಾಖೆ ತೆರೆಯಿತು. ಸರಕಿನ ಉಗ್ರಾಣಗಳು ತರಗತಿಗಳಾದವು, ಗ್ರಂಥಾಲಯವಾದವು, ಪ್ರಯೋಗಶಾಲೆಗಳಾದವು. ಹಿಮ ಬೀಳಲಿ, ಗಾಳಿ ಬೀಸಲಿ, ಹುಡುಗರು ಬಸ್ಸು ಹಿಡಿದು ಬಂದೇ ಬರುತ್ತಿದ್ದರು, ಏಕೆಂದರೆ ಒಳಗೆ ಅವರಿಗೆ ಪಾಠವಿತ್ತು. 1965ರಲ್ಲಿ ವಿಶ್ವವಿದ್ಯಾಲಯ ತನ್ನ ಹೊಸ ಆವರಣಕ್ಕೆ ಹೋಯಿತು. ಹಡಗುಗಳು ದಕ್ಷಿಣದ ಕ್ಯಾಲುಮೆಟ್ ಬಂದರಿಗೆ ಹೋದವು. ಮಾಡಲು ಕೆಲಸವಿಲ್ಲದಾಗ ಕಟ್ಟೆಗೆ ಜನರೂ ಬರಲಿಲ್ಲ. 1976ರಲ್ಲಿ ದೇಶದ ದ್ವಿಶತಮಾನೋತ್ಸವಕ್ಕೆಂದು ಪೂರ್ವದ ಸಭಾಂಗಣವನ್ನು ದುರಸ್ತಿ ಮಾಡಿದರು, ಅನಂತರ ಕೆಲವು ಬೇಸಿಗೆಗಳಲ್ಲಿ ಸಂಗೀತೋತ್ಸವಗಳು ನಡೆದವು, ಅಷ್ಟೆ.

ಇಂದಿನವರಿಗೆ ಪರಿಚಯವಿರುವ ನೇವಿ ಪಿಯರ್ ರೂಪುಗೊಂಡದ್ದು 1995ರಲ್ಲಿ. ಅದಕ್ಕೆ ಮುನ್ನ, 1989ರಲ್ಲಿ, ಇದರ ಉಸ್ತುವಾರಿಯನ್ನು ನಗರದ ವಸ್ತುಪ್ರದರ್ಶನ ಕೇಂದ್ರ ನಡೆಸುವ ಪ್ರಾಧಿಕಾರಕ್ಕೆ ವಹಿಸಲಾಗಿತ್ತು. ಪಶ್ಚಿಮದ ಮುಖ್ಯದ್ವಾರದ ಕಟ್ಟಡ ಮತ್ತು ಪೂರ್ವದ ಸಭಾಂಗಣವನ್ನು ಉಳಿಸಿಕೊಂಡು, ನಡುವಿನ ಹಳೆಯ ಉಗ್ರಾಣಗಳನ್ನು ಕೆಡವಿ, ಅಂಗಡಿ, ಊಟದ ಮಳಿಗೆ, ಮಕ್ಕಳ ವಸ್ತುಸಂಗ್ರಹಾಲಯ, 150 ಅಡಿ ಎತ್ತರದ ಜೈಂಟ್ ವೀಲ್, ಪ್ರದರ್ಶನ ಮಂದಿರ ಎಲ್ಲವನ್ನೂ ಕಟ್ಟಿದರು. ಜನ ಮುಗಿಬಿದ್ದರು. ಕೆಲವೇ ವರ್ಷಗಳಲ್ಲಿ ಅದು ಇಲಿನಾಯ್ ರಾಜ್ಯದಲ್ಲಿ ಅತಿ ಹೆಚ್ಚು ಪ್ರವಾಸಿಗರನ್ನು ಸೆಳೆಯುವ ಜಾಗಗಳಲ್ಲಿ ಒಂದಾಯಿತು. ಆದರೆ ಶಿಕಾಗೊದವರೇ ಅದನ್ನು ಹೊರಗಿನವರ ಜಾಗವೆಂದು ಬದಿಗಿಟ್ಟರು. ಎಲ್ಲ ಊರಿನ ಮಾಲ್‌ಗಳಲ್ಲೂ ಸಿಗುವ ತಿಂಡಿ, ಎಲ್ಲ ಊರಲ್ಲೂ ಸಿಗುವ ಟೀ ಶರ್ಟು. ಅದಕ್ಕಾಗಿ ಹಿಮದಲ್ಲಿ ಕಾರು ಓಡಿಸಿಕೊಂಡು, ದುಬಾರಿ ಪಾರ್ಕಿಂಗ್ ತೆತ್ತು ಹೋಗುವವರು ಯಾರು? ಹತ್ತು ವರ್ಷ ಕಳೆಯುವಷ್ಟರಲ್ಲಿ ಹೊಸತನ ಮಾಸಿತು.

2006ರ ಜನವರಿಯಲ್ಲಿ ಪ್ರಾಧಿಕಾರ ಒಂದು ಭಾರಿ ಯೋಜನೆಯನ್ನು ಮುಂದಿಟ್ಟಿತು. ಮಾನೊರೈಲು, ರೋಲರ್ ಕೋಸ್ಟರ್, ನೀರಿನಾಟದ ಪಾರ್ಕು, ತೇಲುವ ಹೋಟೆಲು, 260 ಅಡಿಯ ಜೈಂಟ್ ವೀಲ್, ಈಗಿನದರ ಎರಡು ಪಟ್ಟು ಪಾರ್ಕಿಂಗ್. ಆ ಯೋಜನೆ ಕಾಗದದಲ್ಲೇ ಉಳಿದದ್ದು ಈ ನಗರದ ಪುಣ್ಯ. ಸರೋವರದ ನಡುವೆ ನಿಂತು ಸರೋವರಕ್ಕೆ ಬೆನ್ನು ಮಾಡಿ ಆಡುವ ಆಟಗಳೇ ಅದರಲ್ಲಿ ಹೆಚ್ಚಾಗಿದ್ದವು.

2011ರಲ್ಲಿ ಆಡಳಿತ ಲಾಭದ ಉದ್ದೇಶವಿಲ್ಲದ ಪ್ರತ್ಯೇಕ ಸಂಸ್ಥೆಯ ಕೈಗೆ ಬಂತು. ಮರುವರ್ಷ ವಿನ್ಯಾಸ ಸ್ಪರ್ಧೆ ನಡೆಸಿ, ನ್ಯೂಯಾರ್ಕಿನ ಹೈಲೈನ್ ಉದ್ಯಾನದಿಂದ ಹೆಸರಾಗಿದ್ದ ಜೇಮ್ಸ್ ಕಾರ್ನರ್ ಅವರ ಫೀಲ್ಡ್ ಆಪರೇಷನ್ಸ್ ತಂಡವನ್ನು ಆರಿಸಿದರು. ಅವರು ಮೊದಲು ಕೈಹಾಕಿದ್ದು ನೆಲಕ್ಕೆ. ದಕ್ಷಿಣ ಬದಿಯ ಉದ್ದಕ್ಕೂ ಗಲಿಬಿಲಿಯಾಗಿ ನಿಂತಿದ್ದ ಗೂಡಂಗಡಿ, ಫಲಕಗಳನ್ನು ತೆರವು ಮಾಡಿ, ಹೊಸ ಕಲ್ಲು ಹಾಸಿ, ಮರಗಳ ಸಾಲು ನೆಟ್ಟು, ನೀರಿನತ್ತ ಮುಖ ಮಾಡಿದ ಆಸನಗಳನ್ನು ಹಾಕಿದರು. ಜೈಂಟ್ ವೀಲಿನ ಕಡೆಗೆ ಏರುವ ಅಗಲವಾದ ಮೆಟ್ಟಿಲುಗಳನ್ನು ಕಟ್ಟಿದರು. ಆ ಮೆಟ್ಟಿಲುಗಳ ಮೇಲೆ ಯಾರು ಬೇಕಾದರೂ ಕೂರಬಹುದು. ಪ್ರವೇಶದ್ವಾರದ ಬಳಿ ಕಾರಂಜಿಯ ಅಂಗಳವಾಯಿತು. ಬೇಸಿಗೆಯ ಮಟ್ಟಿಗೆ ಇದೆಲ್ಲ ಬಹಳ ಚೆನ್ನಾಗಿ ಆಗಿದೆ, ಅದರ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ.

ಚಳಿಗಾಲಕ್ಕೆಂದೇ ಆದ ಕೆಲಸಗಳಲ್ಲಿ ಎರಡನ್ನು ನಾನು ಮನಸಾರೆ ಮೆಚ್ಚುತ್ತೇನೆ. ಮೊದಲನೆಯದು 2016ರಲ್ಲಿ, ಕಟ್ಟೆಗೆ ನೂರು ತುಂಬಿದ ವರ್ಷ ಬಂದ ಹೊಸ ಜೈಂಟ್ ವೀಲ್. 1893ರ ಮಹಾಪ್ರದರ್ಶನದಲ್ಲಿ, ನಮ್ಮ ವಿವೇಕಾನಂದರು ಮಾತಾಡಿದ ಸರ್ವಧರ್ಮ ಸಮ್ಮೇಳನ ನಡೆದ ಅದೇ ವರ್ಷ, ಜಗತ್ತಿನ ಮೊದಲ ಫೆರಿಸ್ ಚಕ್ರ ತಿರುಗಿದ್ದು ಇದೇ ಊರಿನಲ್ಲಿ. ಹಾಗಾಗಿ ಇಲ್ಲಿನವರಿಗೆ ಈ ಚಕ್ರದ ಮೇಲೆ ಸಹಜವಾದ ಮಮಕಾರವಿದೆ. 1995ರ ಚಕ್ರದ ತೊಟ್ಟಿಲುಗಳು ತೆರೆದಿದ್ದವು. ಚಳಿಗಾಳಿಯ ದಿನ ಅದರಲ್ಲಿ ಕೂರುವ ಮಾತೇ ಇರಲಿಲ್ಲ. ಅದನ್ನು ಬಿಚ್ಚಿ ಮಿಸೌರಿಯ ಬ್ರಾನ್ಸನ್ ಊರಿಗೆ ಕೊಟ್ಟು, 196 ಅಡಿ ಎತ್ತರದ ಹೊಸದನ್ನು ನಿಲ್ಲಿಸಿದರು. ಇದರ 42 ತೊಟ್ಟಿಲುಗಳೂ ಗಾಜಿನಿಂದ ಮುಚ್ಚಿದವು, ಒಳಗೆ ಬೇಸಿಗೆಗೆ ತಂಪು, ಚಳಿಗಾಲಕ್ಕೆ ಬಿಸಿ. ಒಂದೊಂದರಲ್ಲಿ ಎಂಟು ಹತ್ತು ಮಂದಿ ಕೂರಬಹುದು.

ನನ್ನ ಎರಡನೆಯ ಹೆರಿಗೆಗೆ ಅಮ್ಮ ಸಾಗರದಿಂದ ಬಂದಿದ್ದ ಚಳಿಗಾಲದಲ್ಲಿ, ಕೂಸಿಗೆ ಮೂರು ತಿಂಗಳು ತುಂಬಿದ ಮೇಲೆ ನಾವು ಅದನ್ನು ಹತ್ತಿದೆವು. ಅಮ್ಮ ಸ್ವೆಟರಿನ ಮೇಲೆ ಕೋಟು, ಕೋಟಿನ ಮೇಲೆ ಶಾಲು ಹೊದ್ದು, ಕಿವಿಗೆ ಹತ್ತಿ ತುರುಕಿಕೊಂಡು ಸಿದ್ಧರಾಗಿದ್ದರು. ತೊಟ್ಟಿಲಿನ ಬಾಗಿಲು ಮುಚ್ಚಿ ಕಾಲಬುಡದಿಂದ ಬಿಸಿಗಾಳಿ ಬಂದಾಗ ಮೊದಲು ಶಾಲು ಜಾರಿತು, ಆಮೇಲೆ ಹತ್ತಿ ಹೊರಬಂತು. ಮೇಲೇರಿದಾಗ ಉತ್ತರ ದಿಕ್ಕಿನಲ್ಲಿ, ನಗರಕ್ಕೆ ಕುಡಿಯುವ ನೀರು ಶುದ್ಧಮಾಡುವ ಜಾರ್ಡಿನ್ ಘಟಕದ ಆಚೆ, ಸರೋವರ ಹಲಗೆ ಹಲಗೆಯಾಗಿ ಹೆಪ್ಪುಗಟ್ಟಿತ್ತು. ಹಲಗೆಗಳ ನಡುವಿನ ಕಪ್ಪು ನೀರಿನಿಂದ ಹಬೆ ಏಳುತ್ತಿತ್ತು. ಅಂಥ ನೀರನ್ನು ಬೇಸಿಗೆಯಲ್ಲಿ ಬಂದವರು ಯಾರೂ ನೋಡಿರುವುದಿಲ್ಲ. ಜುಲೈನ ಸರೋವರಕ್ಕಿಂತ ಫೆಬ್ರವರಿಯ ಸರೋವರವೇ ಹೆಚ್ಚು ನೋಡತಕ್ಕದ್ದು ಎಂದು ನನಗೆ ಅಂದು ಮನದಟ್ಟಾಯಿತು. ಬೆಚ್ಚಗೆ ಕೂತು ನೋಡಲು ಗಾಜಿನ ಮರೆ ಸಿಕ್ಕಿದರೆ ಸಾಕು, ಚಳಿಗಾಲಕ್ಕೆ ಬೇರೆ ಆಕರ್ಷಣೆ ಹುಡುಕಬೇಕಾಗಿಯೇ ಇಲ್ಲ.

ಎರಡನೆಯದು ರಂಗಮಂದಿರ. ಶಿಕಾಗೊ ಷೇಕ್ಸ್‌ಪಿಯರ್ ಥಿಯೇಟರ್ 1999ರಿಂದಲೂ ಈ ಕಟ್ಟೆಯ ಮೇಲಿದೆ. ಅದರ ಪಕ್ಕದಲ್ಲಿ ಸ್ಕೈಲೈನ್ ಸ್ಟೇಜ್ ಎಂಬ ಬಯಲು ರಂಗವಿತ್ತು: ಮೇಲೆ ಬಿಳಿಯ ಗುಡಾರದ ಚಾವಣಿ, ಬದಿಗಳೆಲ್ಲ ತೆರೆದದ್ದು, ಬೇಸಿಗೆ ಮುಗಿದರೆ ಬೀಗ. ಅದನ್ನು ಕೆಡವದೆ, ಆ ಗುಡಾರದ ಅಡಿಯಲ್ಲೇ ಪೂರ್ತಿ ಮುಚ್ಚಿದ ಹೊಸ ರಂಗವನ್ನು ಕಟ್ಟಿ 2017ರಲ್ಲಿ ‘ದಿ ಯಾರ್ಡ್’ ಎಂದು ತೆರೆದರು. ಇದರ ಪ್ರೇಕ್ಷಕರ ಆಸನಗಳು ಒಂಬತ್ತು ಗೋಪುರಗಳಲ್ಲಿವೆ. ಒಂದೊಂದು ಗೋಪುರವೂ ಸುಮಾರು ಹದಿನಾರು ಟನ್ ತೂಗುತ್ತದೆಯಾದರೂ, ಅಡಿಯಲ್ಲಿ ಗಾಳಿಯ ಒತ್ತಡ ಕೊಟ್ಟು ನೆಲದಿಂದ ತುಸು ಎತ್ತಿ ಬೇಕಾದಲ್ಲಿಗೆ ಸರಿಸಬಹುದು. ಒಂದು ನಾಟಕಕ್ಕೆ 150 ಆಸನ, ಇನ್ನೊಂದಕ್ಕೆ 850. ರಂಗದ ಮೂರು ಬದಿಗಳಲ್ಲಿ ಕೂರಿಸಬಹುದು, ಎದುರಿಗೆ ಮಾತ್ರವೂ ಕೂರಿಸಬಹುದು. ನೀನಾಸಂ ಊರಿನ ಪಕ್ಕದವಳಾದ ನನಗೆ ಇದು ವಿಶೇಷವಾಗಿ ಕಂಡರೆ ಓದುಗರು ಅರ್ಥಮಾಡಿಕೊಳ್ಳುತ್ತಾರೆ. ಚಳಿಗಾಲದಲ್ಲಿ ಜನರನ್ನು ಕರೆಯುವ ಶಕ್ತಿ ನಾಟಕಕ್ಕೆ ಇರುವಷ್ಟು ಅಂಗಡಿಗೆ ಇಲ್ಲ. ನಾಟಕಕ್ಕೆ ದಿನಾಂಕವಿರುತ್ತದೆ, ಹಿಮ ಬಿದ್ದರೂ ಜನ ಆ ದಿನ ಹೊರಟು ಬರುತ್ತಾರೆ. ಹಿಂದೆ ಪಾಠಕ್ಕೆಂದು ಹುಡುಗರು ಬರುತ್ತಿದ್ದ ಹಾಗೆಯೇ. ಇದ್ದ ಚಾವಣಿಯನ್ನೇ ಬಳಸಿಕೊಂಡು ನಾಲ್ಕು ತಿಂಗಳ ಕಟ್ಟಡವನ್ನು ಹನ್ನೆರಡು ತಿಂಗಳಿಗೆ ಒಗ್ಗಿಸಿದ ಈ ಕೆಲಸವನ್ನು ನೀರಂಚಿನ ಹಳೆಯ ತಾಣಗಳನ್ನು ನವೀಕರಿಸುವ ಯಾರಾದರೂ ಬಂದು ನೋಡಬೇಕು.

ಇನ್ನು ನಷ್ಟದ ಮಾತು. 1995ರ ಕಟ್ಟಡಗಳಲ್ಲಿ ಒಂದು ಗಾಜಿನ ಮನೆ ಇತ್ತು, ಹೆಸರು ಕ್ರಿಸ್ಟಲ್ ಗಾರ್ಡನ್ಸ್. ಸುಮಾರು ಒಂದು ಎಕರೆ ವಿಸ್ತಾರ, ಕಮಾನಿನ ಗಾಜಿನ ಚಾವಣಿ, ಅದರಡಿ ಸಾಲು ಸಾಲು ಎತ್ತರದ ತಾಳೆಗಳು, ಅವುಗಳ ಬುಡದಲ್ಲಿ ಗಿಡಗಳು. ಹಾದಿಯ ಒಂದು ಬದಿಯಿಂದ ಚಿಮ್ಮಿದ ನೀರಿನ ಎಳೆ ತಲೆಯ ಮೇಲೆ ಕಮಾನಾಗಿ ಹಾರಿ ಇನ್ನೊಂದು ಬದಿಯ ಕುಂಡಕ್ಕೆ ಬೀಳುತ್ತಿತ್ತು. ಒಂದು ಹನಿಯೂ ಮೈಮೇಲೆ ಬೀಳುತ್ತಿರಲಿಲ್ಲ. ಮಕ್ಕಳು ಅದನ್ನು ಹಿಡಿಯಲು ಓಡುತ್ತಿದ್ದರು. ಮದುವೆ ಮುಂತಾದ ಸಮಾರಂಭಗಳಿಗೆ ಬಾಡಿಗೆಗೆ ಕೊಟ್ಟ ದಿನಗಳನ್ನು ಬಿಟ್ಟರೆ ಒಳಗೆ ಹೋಗಲು ಟಿಕೆಟ್ ಇರಲಿಲ್ಲ.

ಚಕ್ರದಿಂದ ಇಳಿದ ಮೇಲೆ ಅಮ್ಮನನ್ನು ಅಲ್ಲಿಗೆ ಕರೆದೊಯ್ದೆ. ಗಾಜಿನ ಆಚೆ ಹಿಮ ಬೀಳುತ್ತಿತ್ತು, ಈಚೆ ಹಸಿಮಣ್ಣಿನ ವಾಸನೆ. ಅಮ್ಮ ತಾಳೆಯ ಬುಡದ ಕಟ್ಟೆಯ ಮೇಲೆ ಕೂತು, ಕೂಸನ್ನು ಮಡಿಲಿಗೆ ಹಾಕಿಕೊಂಡು, ಸುತ್ತ ನೋಡಿ, ದನಿ ತಗ್ಗಿಸಿ ಕೇಳಿದರು: “ಇಲ್ಲಿ ಕೂತ್ಕಂಡಿದ್ದಕ್ಕೆ ಯಾರೂ ದುಡ್ಡು ಕೇಳಲ್ವೇನೇ?” ಕೇಳುವುದಿಲ್ಲ ಎಂದೆ. ಅವರು ಚಪ್ಪಲಿಯಂತೆ ಬೂಟನ್ನೂ ಬಿಚ್ಚಿ ಕಾಲು ಮಡಚಿ ಕೂತರು. ಪಕ್ಕದಲ್ಲಿ ಒಬ್ಬ ಮುದುಕರು ಪತ್ರಿಕೆ ಓದುತ್ತಿದ್ದರು. ಆಚೆ ಸ್ಪ್ಯಾನಿಷ್ ಮಾತಾಡುವ ಒಂದು ಕುಟುಂಬ ಡಬ್ಬಿ ಬಿಚ್ಚಿ ಮಕ್ಕಳಿಗೆ ತಿನ್ನಿಸುತ್ತಿತ್ತು. ನಾವೂ ತಂದಿದ್ದ ಅವಲಕ್ಕಿ ತಿಂದೆವು. ಬಹಳ ಹೊತ್ತು ಅಲ್ಲಿದ್ದೆವು, ಏನನ್ನೂ ಕೊಳ್ಳಲಿಲ್ಲ.

ಮಲೆನಾಡಿನ ಮನೆಗಳಲ್ಲಿ ಜಗಲಿ ಹೇಗೋ ಆ ಗಾಜಿನ ಮನೆ ಹಾಗೆ ಇತ್ತು. ಮಳೆಗಾಲದ ನಾಲ್ಕು ತಿಂಗಳು ಮಲೆನಾಡಿನವರು ಮಳೆಗೆ ಹೆದರಿ ಒಳಕೋಣೆ ಸೇರುವುದಿಲ್ಲ. ಎದುರಿಗೆ ಮಳೆ ಸುರಿಯುತ್ತಿರುವಂತೆಯೇ ಜಗಲಿಯ ಮೇಲೆ ಕೂತು ಅಡಿಕೆ ಸುಲಿಯುತ್ತಾರೆ, ಹರಟೆ ಹೊಡೆಯುತ್ತಾರೆ, ದಾರಿಹೋಕರೂ ಬಂದು ಕೂರುತ್ತಾರೆ. ಕಾಲ ಕೆಟ್ಟದ್ದಿದ್ದಾಗಲೇ ಅದಕ್ಕೆ ಹೆಚ್ಚು ಬೆಲೆ. ಒಂದು ನೀರಂಚಿನ ತಾಣ ವರ್ಷವಿಡೀ ನಡೆಯಬೇಕಾದರೆ ಅದಕ್ಕೆ ಇಂಥದೊಂದು ಜಾಗ ಇರಲೇಬೇಕು.

2021ರಲ್ಲಿ ಆ ಗಿಡಮರಗಳನ್ನು ತೆಗೆದು, ಅಲ್ಲಿ ಗೋಡೆ ತುಂಬ ಪ್ರೊಜೆಕ್ಟರಿನ ಚಿತ್ರಗಳನ್ನು ತೋರಿಸುವ ಇಲ್ಯುಮಿನೇರಿಯಂ ಎಂಬ ಟಿಕೆಟ್ ಪ್ರದರ್ಶನಕ್ಕೆ ಜಾಗ ಕೊಡುವ ತೀರ್ಮಾನ ಹೊರಬಿತ್ತು. ಸಾವಿರಾರು ಜನ ಸಹಿ ಹಾಕಿ ವಿರೋಧಿಸಿದರು. ಆದರೂ ತೋಟ ಹೋಯಿತು, 2022ರಲ್ಲಿ ಪ್ರದರ್ಶನ ಬಂತು. ಬೆಳಕು ತುಂಬಿದ್ದ ಗಾಜಿನ ಮನೆಯೊಳಗೆ ಚಿತ್ರ ಕಾಣಲೆಂದು ಕತ್ತಲು ಮಾಡಬೇಕಾಯಿತು. ಆಫ್ರಿಕದ ಕಾಡಿನ ಚಿತ್ರ ತೋರಿಸಲು ನಿಜವಾದ ಮರಗಳನ್ನು ತೆರವು ಮಾಡಿದ್ದನ್ನು ಇಂದಿಗೂ ನನಗೆ ಒಪ್ಪಿಕೊಳ್ಳಲಾಗಿಲ್ಲ. ಚಿತ್ರಪ್ರದರ್ಶನವನ್ನು ಯಾವ ಕಿಟಕಿಯಿಲ್ಲದ ಕೋಣೆಯಲ್ಲಾದರೂ ಮಾಡಬಹುದು. 2024ರಲ್ಲಿ ಹಳೆಯ ಐಮ್ಯಾಕ್ಸ್ ಚಿತ್ರಮಂದಿರದ ಜಾಗದಲ್ಲಿ ಫ್ಲೈಓವರ್ ಎಂಬ, ಕೂತಲ್ಲೇ ನಗರದ ಮೇಲೆ ಹಾರಿದ ಅನುಭವ ಕೊಡುವ ಪ್ರದರ್ಶನ ಬಂತು; ಅದಕ್ಕೆ ನನ್ನ ತಕರಾರಿಲ್ಲ, ಅದು ಕತ್ತಲೆಯ ಕೋಣೆಯೇ ಆಗಿತ್ತು, ಯಾರ ಕೂರುವ ಜಾಗವನ್ನೂ ಕಿತ್ತುಕೊಳ್ಳಲಿಲ್ಲ.

ಸಂಸ್ಥೆಯ ಕಷ್ಟವನ್ನು ಅರಿಯದೆ ಈ ಮಾತು ಹೇಳುತ್ತಿಲ್ಲ. ಗಾಜಿನ ಮನೆಯನ್ನು ಚಳಿಗಾಲದಲ್ಲಿ ಬೆಚ್ಚಗಿಡುವುದು ಬಹಳ ಖರ್ಚಿನ ಕೆಲಸ. ನೂರು ವರ್ಷದ ಅಡಿಪಾಯ, ಅಲೆಗಳ ಹೊಡೆತ, ಹಿಮ ಕರಗಿ ಹೆಪ್ಪುಗಟ್ಟಿ ಬಿರುಕು ಬಿಡುವ ನೆಲ, ಎಲ್ಲಕ್ಕೂ ನಿತ್ಯ ರಿಪೇರಿ ಬೇಕು. ಕಟ್ಟೆಯ ಪ್ರವೇಶಕ್ಕೆ ಶುಲ್ಕವಿಲ್ಲವಾದ್ದರಿಂದ ಬಾಡಿಗೆ, ಪಾರ್ಕಿಂಗ್, ಚಕ್ರದ ಟಿಕೆಟ್, ದಾನಿಗಳ ಹಣ, ಇವುಗಳಿಂದಲೇ ಸಂಸಾರ ತೂಗಬೇಕು. 2020ರಲ್ಲಿ ಕೊರೊನಾ ಬಂದು ಆದಾಯ ನಿಂತಾಗ, ಸೆಪ್ಟೆಂಬರಿನಿಂದ ಮರುವರ್ಷದ ವಸಂತದವರೆಗೆ ಇಡೀ ಕಟ್ಟೆಯನ್ನೇ ಮುಚ್ಚಬೇಕಾಯಿತು. ಆ ಪೆಟ್ಟಿನ ಬೆನ್ನಲ್ಲೇ ಗಾಜಿನ ಮನೆಯ ತೀರ್ಮಾನ ಬಂದದ್ದು ಕಾಕತಾಳೀಯವಿರಲಾರದು. ಅದೇ 2021ರಲ್ಲಿ ಯುದ್ಧಕಾಲದ ನೌಕೆಯ ಹೆಸರು ಹೊತ್ತ ಸೇಬಲ್ ಹೋಟೆಲು ಕಟ್ಟೆಯ ಮೇಲೆಯೇ ತೆರೆಯಿತು. ರಾತ್ರಿ ತಂಗುವವರಿದ್ದರೆ ಚಳಿಗಾಲದ ಸಂಜೆಗಳಲ್ಲೂ ದೀಪ ಉರಿಯುತ್ತದೆ, ಊಟದ ಮಳಿಗೆಗಳಿಗೂ ವ್ಯಾಪಾರವಾಗುತ್ತದೆ. ಹಣ ತರುವ ಇಂಥ ಕೆಲಸಗಳು ಇರಲಿ. ಆ ಹಣದಿಂದ ಉಚಿತ ಜಾಗವೊಂದು ಉಳಿಯಲಿ ಎಂಬುದಷ್ಟೇ ನನ್ನ ಬೇಡಿಕೆ.

ಈ ಬೇಡಿಕೆಗೆ ಈ ಊರಿನಲ್ಲಿ ಗಟ್ಟಿಯಾದ ಆಧಾರವೂ ಇದೆ. 1836ರಲ್ಲಿ ಸರೋವರದ ದಂಡೆಯ ನಕ್ಷೆಯ ಮೇಲೆ, ಇದು ಸಾರ್ವಜನಿಕ ನೆಲ, ಎಂದೆಂದಿಗೂ ಮುಕ್ತವಾಗಿ, ಕಟ್ಟಡಗಳಿಲ್ಲದೆ ಉಳಿಯತಕ್ಕದ್ದು ಎಂದು ಬರೆದಿಟ್ಟವರು ಇಲ್ಲಿನ ಹಿರಿಯರು. 1869ರಲ್ಲಿ ರಾಜ್ಯದ ಶಾಸನಸಭೆ ಬಂದರಿನ ಪ್ರದೇಶದ ಸರೋವರದ ತಳವನ್ನೇ ರೈಲು ಕಂಪನಿಯೊಂದಕ್ಕೆ ಬರೆದುಕೊಟ್ಟಿತ್ತು, ನಾಲ್ಕು ವರ್ಷಗಳಲ್ಲಿ ಅದನ್ನು ಹಿಂದಕ್ಕೆ ಪಡೆಯಿತು. ಈ ವ್ಯಾಜ್ಯದಲ್ಲಿ 1892ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಇಂಥ ನೀರಿನ ತಳವನ್ನು ಸರ್ಕಾರ ಜನರ ಪರವಾಗಿ ಕಾಯ್ದುಕೊಂಡಿರುವುದೇ ಹೊರತು ತನಗೆ ಬೇಕಾದವರಿಗೆ ಕೊಟ್ಟುಬಿಡುವಂತಿಲ್ಲ ಎಂದು ತೀರ್ಪಿತ್ತಿತು. ಶಿಕಾಗೊ ಬಂದರಿನ ಈ ತೀರ್ಪನ್ನು ನಮ್ಮ ದೇಶದ ಸುಪ್ರೀಂ ಕೋರ್ಟು 1996ರ ಡಿಸೆಂಬರಿನಲ್ಲಿ, ಹಿಮಾಚಲದ ಬಿಯಾಸ್ ನದಿಯ ದಂಡೆಗೆ ಸಂಬಂಧಿಸಿದ ಕಮಲ್ ನಾಥ್ ಪ್ರಕರಣದಲ್ಲಿ ಚರ್ಚಿಸಿ, ಆ ತತ್ವ ಭಾರತದ ಕಾನೂನಿಗೂ ಸೇರಿದ್ದೆಂದು ಸಾರಿತು. ಬೆಂಗಳೂರಿನ ಹೆಬ್ಬಾಳ, ನಾಗವಾರ ಮೊದಲಾದ ಕೆರೆಗಳನ್ನು ಖಾಸಗಿಯವರಿಗೆ ಗುತ್ತಿಗೆ ಕೊಟ್ಟಾಗ ಅದನ್ನು ಪ್ರಶ್ನಿಸಿ ಹೈಕೋರ್ಟಿಗೆ ಹೋದವರೂ ಇದೇ ತತ್ವವನ್ನು ಮುಂದಿಟ್ಟರು. ನೀರಿನ ದಂಡೆ ಎಲ್ಲರದು ಎಂದ ಮೇಲೆ ಅದು ಬರೀ ಬೇಸಿಗೆಗೆ ಸೀಮಿತವಾದ ಹಕ್ಕು ಹೇಗಾದೀತು? ಚಳಿಗಾಲದಲ್ಲಿ ಟಿಕೆಟ್ ಕೊಂಡವರಿಗೆ ಮಾತ್ರ ಬೆಚ್ಚನೆಯ ಸ್ಥಳವಿದ್ದರೆ, ಆ ನಾಲ್ಕೈದು ತಿಂಗಳು ದಂಡೆ ಎಲ್ಲರದಾಗಿ ಉಳಿಯುವುದಿಲ್ಲ.

ಡಿಸೆಂಬರಿನಲ್ಲಿ ಹಬ್ಬದ ದೀಪಗಳ ಉತ್ಸವ ಏರ್ಪಡಿಸಿದಾಗ ಜನ ಬರುತ್ತಾರೆ, ಫೋಟೊಗಳೂ ಚೆನ್ನಾಗಿ ಬರುತ್ತವೆ. ಜನವರಿಯ ಮೊದಲ ವಾರಕ್ಕೆ ಅದು ಮುಗಿಯುತ್ತದೆ. ಅಲ್ಲಿಂದ ಮಾರ್ಚ್ ಕೊನೆಯವರೆಗಿನ ಹನ್ನೆರಡು ವಾರಗಳೇ ನಿಜವಾದ ಪರೀಕ್ಷೆ, ಮತ್ತು ಆ ವಾರಗಳಿಗೆ ದೊಡ್ಡ ಬಂಡವಾಳ ಬೇಡದ ಕೆಲಸಗಳು ಸಾಕಷ್ಟಿವೆ ಎಂದು ನನಗೆ ತೋರುತ್ತದೆ.

ಪೂರ್ವದ ತುದಿಯ 1916ರ ಸಭಾಂಗಣವನ್ನು ಈಗ ಸಮಾರಂಭಗಳಿಗೆ ಬಾಡಿಗೆಗೆ ಕೊಡುತ್ತಾರೆ. ಆ ಗುಮ್ಮಟದಡಿ, ಸುತ್ತಲೂ ಸರೋವರವಿರುವ ಕಡೆ, ಸಮಾರಂಭವಿಲ್ಲದ ವಾರಾಂತ್ಯಗಳಲ್ಲಿ ಮಧ್ಯಾಹ್ನ ಹನ್ನೆರಡರಿಂದ ಸಂಜೆ ಐದರವರೆಗೆ ಬಾಗಿಲು ತೆರೆದು ನೂರು ಕುರ್ಚಿ ಹಾಕಿದರೆ ಸಾಕು. ಹೊರಗೆ ಒಂದು ಕಿಲೋಮೀಟರು ಗಾಳಿಯಲ್ಲಿ ನಡೆಯಬೇಕಿಲ್ಲ. ಕಟ್ಟಡಗಳ ಒಳಗಿನ ಹಾದಿಯಲ್ಲೇ ಹೆಚ್ಚಿನ ದೂರ ಹೋಗಬಹುದು, ಉಳಿದಷ್ಟಕ್ಕೆ ಗಾಳಿತಡೆಯ ಗಾಜಿನ ಪರದೆ ನಿಲ್ಲಿಸಬೇಕು. ನಗರದಲ್ಲಿ ನೆಲೆಸಿರುವ ಹತ್ತಾರು ಭಾಷೆಯವರ ಸಂಘಗಳಿಗೆ ಆ ಸಭಾಂಗಣದಲ್ಲಿ ಒಂದೊಂದು ಭಾನುವಾರ ಕೊಡಲಿ. ಬೇಸಿಗೆಯಲ್ಲಿ ಹೊರಾಂಗಣದ ವೇದಿಕೆಯಲ್ಲಿ ನಡೆಯುವಂಥ ಉಚಿತ ಹಾಡು, ಕುಣಿತ ಫೆಬ್ರವರಿಯಲ್ಲಿ ಒಳಗೆ ನಡೆಯಲಿ. ಇಲ್ಲಿನ ಕನ್ನಡ ಕೂಟಕ್ಕೆ ಒಂದು ಭಾನುವಾರ ಸಿಕ್ಕರೆ ಸಂಕ್ರಾಂತಿಯ ಎಳ್ಳು ಬೀರಲು ಎಷ್ಟು ಮನೆಗಳಿಂದ ಅಜ್ಜಿಯಂದಿರು ಹೊರಟು ಬರುತ್ತಾರೆಂಬುದನ್ನು ನಾನು ಊಹಿಸಬಲ್ಲೆ. ಉಪನಗರಗಳಿಂದ ರೈಲಿನಲ್ಲಿ ಯೂನಿಯನ್ ಸ್ಟೇಷನ್ನಿಗೆ ಬಂದವರಿಗೆ ಅಲ್ಲಿಂದ 124ನೇ ನಂಬರಿನ ಬಸ್ಸು ನೇರವಾಗಿ ಪಿಯರಿಗೆ ಬರುತ್ತದೆ. ಆ ಬಸ್ಸು ಚಳಿಗಾಲದಲ್ಲೂ ಬೇಸಿಗೆಯಷ್ಟೇ ಸಲ ಓಡಬೇಕು, ಕಾಯುವ ಜಾಗದಲ್ಲಿ ಬಿಸಿ ಮಾಡುವ ದೀಪವಿರಬೇಕು, ಹಾಗಾದರೆ ಪಾರ್ಕಿಂಗಿನ ಹೊರೆ ಸಂದರ್ಶಕರ ಮೇಲೆ ಬೀಳುವುದಿಲ್ಲ.

ಗಾಜಿನ ಮನೆಯ ಚಾವಣಿ ಇಂದಿಗೂ ಅಲ್ಲೇ ನಿಂತಿದೆ. ಒಳಗಿನ ಗುತ್ತಿಗೆ ಎಂದಾದರೂ ಮುಗಿಯುವುದೇ. ಅಂದು ಅದನ್ನು ಮತ್ತೊಂದು ಪ್ರದರ್ಶನಕ್ಕೆ ಕೊಡುವ ಮುನ್ನ ಊರಿನವರನ್ನು ಕರೆದು ಕೇಳಬೇಕು, ಮತ್ತು ಆ ಸಭೆಯನ್ನು ಜುಲೈನಲ್ಲಿ ಕರೆಯದೆ ಫೆಬ್ರವರಿಯಲ್ಲಿ, ಕಟ್ಟೆಯ ಮೇಲೆಯೇ ಕರೆಯಬೇಕು.